ಯಾಕಮ್ಮನ ಆರನೇ ಕಾಲಂ

ನನಗೂ ಅವಳಿಗೂ ಮೊದಲ ಜಗಳ ಆಗಿದ್ದು ಎರಡು ಬೇರಿಂಗಿನ ವಿಷಯಕ್ಕೆ.

ವಿಶ್ವವಿದ್ಯಾಲಯದ ಮಣ್ಣು ಸಂಶೋಧನಾ ವಿಭಾಗಕ್ಕೆ ನಾನು ಫಿಟ್ಟರ್ ಆಗಿ ಸೇರಿ ಮೂರೇ ದಿನ ಆಗಿತ್ತು. ಅಲ್ಲಿ ಒಂದು ಕುಲುಕುವ ಯಂತ್ರ ಇದೆ. ಬಾಟಲಿಗಳಿಗೆ ಮಣ್ಣು ನೀರು ಹಾಕಿ ಸಾಲಾಗಿ ಜೋಡಿಸಿದರೆ ಗಂಟೆಗಟ್ಟಲೆ ಕುಲುಕುತ್ತದೆ. ಅವತ್ತು ಅದು ಕುಲುಕುವುದು ಬಿಟ್ಟು ಕಿರುಚುವುದಕ್ಕೆ ಶುರು ಮಾಡಿತ್ತು. ಬಿಚ್ಚಿ ನೋಡಿದೆ, ಬೇರಿಂಗ್ ಸವೆದು ಗಡಗಡ ಅನ್ನುತ್ತಿತ್ತು. ಸಂಶೋಧಕರು ಮೂರು ಜನ ಬಾಟಲಿ ಹಿಡಿದುಕೊಂಡು ನನ್ನ ತಲೆ ಮೇಲೇ ನಿಂತಿದ್ದರು. ಮೊಣಕೈವರೆಗೂ ಗ್ರೀಸು ಮೆತ್ತಿಕೊಂಡು ಸ್ಟೋರಿನ ಕಿಟಕಿಗೆ ಓಡಿದೆ.

"ಅರವತ್ತು ಸೊನ್ನೆ ಎರಡು ನಂಬರಿನ ಬೇರಿಂಗ್, ಎರಡು ಕೊಡಿ. ಬೇಗ!"

ಕಿಟಕಿಯ ಆಚೆ ಕೂತಿದ್ದ ಹೆಂಗಸು ತಲೆ ಎತ್ತಲಿಲ್ಲ. ದಪ್ಪ ರಿಜಿಸ್ಟರ್ ತೆಗೆದಳು, ತಾರೀಖು ಬರೆದಳು, ನನ್ನ ಹೆಸರು ಕೇಳಿ ಬರೆದಳು, ಆಮೇಲೆ ಪೆನ್ನು ಹಿಡಿದು ನಿಲ್ಲಿಸಿದಳು.

"ಯಾಕೆ?"

"ಯಾಕೆ ಅಂದ್ರೆ?"

"ಬೇರಿಂಗ್ ಯಾಕೆ ಬೇಕು ಅಂತ."

ನನ್ನ ಕೋಪ ಮೊದಲಿಂದಲೂ ಮೂಗಿನ ತುದಿಯಲ್ಲೇ ಇರೋದು. "ಉಪ್ಪು ಹಚ್ಕೊಂಡು ತಿನ್ನೋಕೆ!" ಅಂತ ಕೂಗಿದೆ.

ಅವಳು ಬರೆದುಕೊಂಡಳು. ಆಣೆ ಮಾಡಿ ಹೇಳ್ತೀನಿ, ಮುಖದಲ್ಲಿ ಒಂದು ಗೆರೆ ಅಲುಗಾಡದ ಹಾಗೆ, ದುಂಡಗಿನ ಅಕ್ಷರದಲ್ಲಿ "ಉಪ್ಪು ಹಚ್ಚಿಕೊಂಡು ತಿನ್ನಲು" ಅಂತ ಬರೆದು, ಪುಸ್ತಕ ನನ್ನ ಕಡೆ ತಿರುಗಿಸಿ, "ಇಲ್ಲಿ ಸಹಿ ಹಾಕಪ್ಪ" ಅಂದಳು. ಸಹಿ ಹಾಕಿಸಿಕೊಂಡೇ ಬೇರಿಂಗ್ ಕೊಟ್ಟಳು.

ಮುಗೀತು ಅಂದುಕೊಂಡೆ. ಸೋಮವಾರ ಬೆಳಿಗ್ಗೆ ನನ್ನ ವರ್ಕ್‌ಶಾಪಿನ ಬಾಗಿಲಲ್ಲಿ ರಿಜಿಸ್ಟರ್ ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು. ಕೈಯಲ್ಲಿ ಕೆಂಪು ಪೆನ್ನು.

"ಏನಾಯ್ತು? ರುಚಿಯಾಗಿತ್ತಾ?"

ನನಗೆ ನಗು ತಡೆಯೋಕಾಗಲಿಲ್ಲ. ಯಂತ್ರ ಓಡ್ತಾ ಇದೆ, ಹಿಂದಿನವರು ಬೆಲ್ಟ್ ಅತಿ ಬಿಗಿ ಮಾಡಿದ್ದರು, ಅದಕ್ಕೇ ಬೇರಿಂಗ್ ಸವೀತಾ ಇತ್ತು, ನಾನು ಸಡಿಲ ಮಾಡಿದೀನಿ ಅಂದೆ. ಅವಳು ನಿಂತಲ್ಲೇ ಕೆಂಪು ಶಾಯಿಯಲ್ಲಿ ಬರೆದುಕೊಂಡಳು: "ತಿನ್ನಲಿಲ್ಲ. ಯಂತ್ರ ಓಡುತ್ತಿದೆ. ಬೆಲ್ಟ್ ಬಿಗಿ ಹೆಚ್ಚಾಗಿತ್ತು, ಇವನೇ ಕಂಡುಹಿಡಿದು ಸಡಿಲಿಸಿದ." ಇಪ್ಪತ್ತೆರಡು ವರ್ಷ ಆಯಿತು. ಆ ಸಾಲು ಇವತ್ತಿಗೂ ಇದೆ.

ವಿಭಾಗದಲ್ಲಿ ಎಲ್ಲರೂ ಅವಳನ್ನು ಯಾಕಮ್ಮ ಅಂತಲೇ ಕರೆಯೋದು. ಬೆನ್ನ ಹಿಂದೆ ಯಾಕಮ್ಮ, ಎದುರಿಗೆ ಅಕ್ಕ. ಅವಳಿಗೂ ಗೊತ್ತು. ಒಂದು ಸಲ ಹೊಸದಾಗಿ ಬಂದ ಸಂಶೋಧಕನೊಬ್ಬ ಅದೇ ಅವಳ ನಿಜವಾದ ಹೆಸರು ಅಂದುಕೊಂಡು, "ನಮಸ್ಕಾರ ಯಾಕಮ್ಮನವರೇ" ಅಂದುಬಿಟ್ಟ. ನಾವೆಲ್ಲ ಉಸಿರು ಬಿಗಿಹಿಡಿದು ನಿಂತೆವು. ಅವಳು, "ನಮಸ್ಕಾರ. ಏನು ಬೇಕು? ಯಾಕೆ?" ಅಂದಳು. ಅಷ್ಟೇ.

ಅವಳು ಓದಿದ್ದು ಹತ್ತನೇ ತರಗತಿ. ನನಗಿಂತ ನಾಲ್ಕು ತರಗತಿ ಜಾಸ್ತಿ, ಆರು ವರ್ಷ ದೊಡ್ಡವಳು. ಮೊದಲು ಅಂಗಿಯ ಗುಂಡಿ ತಯಾರಿಸುವ ಕಾರ್ಖಾನೆಯಲ್ಲಿ ಗುಂಡಿಗಳನ್ನು ಕಾಗದಕ್ಕೆ ಹೊಲಿಯುವ ಕೆಲಸ ಮಾಡುತ್ತಿದ್ದಳಂತೆ. ಅದು ಮುಚ್ಚಿತು. ಇಲ್ಲಿಗೆ ಮಣ್ಣಿನ ಡಬ್ಬಿಗಳಿಗೆ ಚೀಟಿ ಅಂಟಿಸೋಕೆ ಬಂದಳು, ಸ್ಟೋರಿನವರು ನಿವೃತ್ತಿಯಾದಾಗ ಆ ಕುರ್ಚಿಯಲ್ಲಿ ಕೂತಳು. ಗಂಡ ಕ್ಷೌರದಂಗಡಿ ಇಟ್ಟುಕೊಂಡಿದ್ದಾರೆ, ನಾನು ಭಾವ ಅಂತೀನಿ. ತಿಂಗಳಿಗೊಂದು ಸಲ ಅವರ ಕುರ್ಚಿಯಲ್ಲಿ ಕೂತಾಗ ಹೇಳೋರು: "ನಿಮಗೆ ಎಂಟು ಗಂಟೆ ಮಾತ್ರ ಕಷ್ಟ. ನಾನು ಮನೇಲಿ ಉಪ್ಪಿನ ಡಬ್ಬಿ ಕೇಳಿದ್ರೂ ಯಾಕೆ ಅಂತಾಳೆ. ಸಾರಿಗೆ ಅಂದ್ರೆ, ನಾನು ಹಾಕಿದ್ದು ಸಾಲಲಿಲ್ವಾ ಅಂತಾಳೆ. ಅಲ್ಲಿಗೆ ಉಪ್ಪು ಬೇಡ ಅನ್ನಿಸಿಬಿಡುತ್ತೆ."

ಈಗ ಆ ಕಾಲಂ ವಿಷಯ. ಅಚ್ಚು ಹಾಕಿದ ರಿಜಿಸ್ಟರಿನಲ್ಲಿ ಇರೋದು ಐದೇ ಕಾಲಂ. ತಾರೀಖು, ಹೆಸರು, ಸಾಮಾನು, ಎಷ್ಟು, ಸಹಿ. ಆರನೆಯದು ಅವಳೇ ಎಳೆದದ್ದು. ಪ್ರತಿ ಪುಟದ ಬಲಗಡೆ ಖಾಲಿ ಬಿಟ್ಟ ಜಾಗದಲ್ಲಿ ಅಡಿಪಟ್ಟಿ ಇಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು, ಮೇಲೆ "ಯಾಕೆ" ಅಂತ ಬರೆಯೋಳು. ದಿನಾ ನಾಲ್ಕು ಗಂಟೆಗೆ ಚಹಾ ಆರಿಸಿಕೊಳ್ಳುತ್ತಾ ನಾಳೆಯ ಪುಟಕ್ಕೆ ಗೆರೆ ಎಳೆದಿಡೋಳು.

ಯಾಕೆ ಈ ಯಾಕೆ ಅಂತ ನಾನು ಕೇಳಿದ್ದು ಸೇರಿದ ಮೂರನೇ ವರ್ಷ. ಅವಳು ಸ್ಟೋರಿಗೆ ಬಂದ ಹೊಸದರಲ್ಲಿ ಒಬ್ಬ ಸಂಶೋಧಕ ಹನ್ನೆರಡು ಥರ್ಮಾಮೀಟರ್ ತೆಗೆದುಕೊಂಡು ಹೋದನಂತೆ. ಒಂದು ತಿಂಗಳಾದ ಮೇಲೆ ಬೇರೆ ಕಡೆ ಕೆಲಸ ಸಿಕ್ಕಿ ಹೇಳದೆ ಕೇಳದೆ ಹೊರಟುಹೋದ. ಪುಸ್ತಕದಲ್ಲಿ ಥರ್ಮಾಮೀಟರ್ ಹನ್ನೆರಡು ಅಂತ ಇತ್ತೇ ಹೊರತು ಯಾಕೆ, ಎಲ್ಲಿಗೆ ಅಂತ ಇಲ್ಲ. ಅವನು ಶುರು ಮಾಡಿದ್ದು ಮಣ್ಣಿನ ಬೇರೆ ಬೇರೆ ಆಳದ ಬಿಸಿ ಅಳೆಯುವ ಕೆಲಸ; ಅದು ಗೊತ್ತಿಲ್ಲದೆ ಇನ್ನೊಬ್ಬ ಹುಡುಗಿ ಅದನ್ನೇ ಮೊದಲಿಂದ ಮಾಡಿ ಒಂದೂವರೆ ವರ್ಷ ಸವೆಸಿದಳು. ಆಮೇಲೆ ಹಿತ್ತಲ ಪ್ರಯೋಗದ ಮಡಿಯಲ್ಲಿ ಅಗೆಯುವವನ ಗುದ್ದಲಿಗೆ ಟಣ್ ಅಂತ ಏನೋ ತಗುಲಿತು. ಹನ್ನೆರಡೂ ಅಲ್ಲೇ ಹೂತಿದ್ದವು, ಒಂದೊಂದು ಒಂದೊಂದು ಆಳಕ್ಕೆ.

"ಆ ಹುಡುಗಿ ನನ್ನ ಕಿಟಕಿ ಮುಂದೆ ಕೂತು ಅತ್ತಳು ಮಾರಾಯ" ಅಂದಳು ಅಕ್ಕ. "ಅವನು ಏನು ಮಾಡ್ತಿದ್ದ ಅಂತ ನಾನು ಒಂದು ಮಾತು ಕೇಳಿದ್ರೆ ಸಾಕಿತ್ತು. ಅವತ್ತೇ ಗೆರೆ ಎಳೆದೆ."

ಈ ಗೆರೆ ಮನುಷ್ಯರನ್ನ ಮೇಲಕ್ಕೆ ಎತ್ತುತ್ತೆ ಅಂತ ಅವಳಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಅದು ಗೊತ್ತಾಗಿದ್ದು ಜರಡಿ ತಂಗಿಯಿಂದ.

ಜರಡಿ ತಂಗಿ ಅಂದರೆ ಮಣ್ಣು ಜರಡಿ ಹಿಡಿಯೋಕೆ ದಿನಗೂಲಿಗೆ ಬಂದವಳು, ಎರಡು ಮಕ್ಕಳ ತಾಯಿ. ನಾವೆಲ್ಲ "ಕೆಟ್ಟಿದೆ", "ಬೇಕು", "ಕೆಲಸಕ್ಕೆ" ಅಂತ ಆರನೇ ಕಾಲಂ ತುಂಬಿಸಿ ಓಡಿಹೋದರೆ, ಇವಳು ಕಿಟಕಿಗೆ ಒರಗಿಕೊಂಡು ಕಥೆ ಹೇಳೋಳು. ಒದ್ದೆ ಮಣ್ಣು ಸಣ್ಣ ಜರಡಿಯಲ್ಲಿ ಕಟ್ಟಿಕೊಳ್ಳುತ್ತೆ, ಒಣಗಿಸಿದರೆ ಕಲ್ಲಾಗುತ್ತೆ, ಅರ್ಧ ಒಣಗಿದಾಗ ಕೈಯಲ್ಲಿ ಪುಡಿ ಮಾಡಿ ಆಮೇಲೆ ಒಣಗಿಸಿದರೆ ಸಲೀಸು, ಅದಕ್ಕೇ ಇನ್ನೊಂದು ತಟ್ಟೆ ಬೇಕು. ಅಕ್ಕ ಎಲ್ಲ ಬರೆದುಕೊಂಡಳು. ಮುಂದಿನ ಸೋಮವಾರ ಹೋಗಿ ಏನಾಯ್ತು ಅಂತ ಕೇಳಿ ಕೆಂಪು ಶಾಯಿಯಲ್ಲಿ ಬರೆದಳು: "ಎರಡು ದಿನದ ಕೆಲಸ ಅರ್ಧ ದಿನದಲ್ಲಿ ಆಯಿತು."

"ಇದನ್ನ ಮೇಲಿನೋರಿಗೆ ಹೇಳಿದೀಯಾ?"

"ನಾನಾ? ಅಕ್ಕ, ನಾನು ಜರಡಿ ಹಿಡಿಯೋಳು."

"ಜರಡಿ ಹಿಡಿಯೋಳಿಗೇ ತಾನೇ ಜರಡಿ ಗೊತ್ತಿರೋದು? ಬಾ."

ರಿಜಿಸ್ಟರನ್ನೂ ಅವಳನ್ನೂ ಒಟ್ಟಿಗೆ ಎತ್ತಿಕೊಂಡು ಹೋಗಿ ವಿಭಾಗದ ಮುಖ್ಯಸ್ಥರ ಮುಂದೆ ನಿಲ್ಲಿಸಿದಳು. ಅವರನ್ನು ನಾವು ದೊಡ್ಡ ಮೇಷ್ಟ್ರು ಅಂತೀವಿ. ಅವರು ಓದಿದರು, ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಓದಿದರು. ಆ ವರ್ಷದ ಸಂಶೋಧನಾ ಲೇಖನದ ಕೊನೆಯಲ್ಲಿ ಜರಡಿ ತಂಗಿಯ ಹೆಸರು ಅಚ್ಚಾಯಿತು. ಅದರ ಮೇಲೆ ಸಂಜೆ ತರಗತಿಗೆ ಕಳಿಸಿದರು, ಪರೀಕ್ಷೆ ಕಟ್ಟಿದಳು, ಒಂದು ಸಲ ಡುಮ್ಕಿ ಹೊಡೆದಳು, ಎರಡನೇ ಸಲ ಪಾಸಾದಳು. ಇವತ್ತು ಮಾದರಿ ಪರೀಕ್ಷಾ ಕೊಠಡಿಗೆ ಅವಳೇ ಮೇಲ್ವಿಚಾರಕಿ. ನಾನು ಅಲ್ಲಿ ಮಣ್ಣು ಒಣಗಿಸುವ ಒಲೆಯ ರಿಪೇರಿಗೆ ಹೋದರೆ ಚಪ್ಪಲಿ ಹೊರಗೆ ಬಿಡು ಅಂತ ನನಗೇ ಗದರುತ್ತಾಳೆ.

ನನ್ನ ಕಥೆಯೂ ಅದೇ. ದರ್ಜೆ ಏರಿಸೋಕೆ ಮುಂಚೆ ಒಂದು ಸಂದರ್ಶನ ಮಾಡುತ್ತಾರೆ. ಮೊದಲ ಸಲ, "ಐದು ವರ್ಷದಲ್ಲಿ ನೀವು ಸ್ವಂತವಾಗಿ ಏನು ಸುಧಾರಣೆ ಮಾಡಿದಿರಿ?" ಅಂತ ಕೇಳಿದರು. ನನಗೆ ಒಂದೂ ನೆನಪಾಗಲಿಲ್ಲ. ನೆನಪಾಗದಿದ್ದರೆ ನನಗೆ ಸಿಟ್ಟು ಬರುತ್ತೆ. "ಕೆಲಸ ಮಾಡಿದೀನಿ. ಇನ್ನೇನು ಡ್ಯಾನ್ಸ್ ಮಾಡ್ಬೇಕಿತ್ತಾ?" ಅಂದೆ. ಕಳಿಸಿಬಿಟ್ಟರು. ಮುಂದಿನ ಸಲ ಅಕ್ಕ ಎರಡು ಹಾಳೆ ಕೈಯಲ್ಲಿಟ್ಟಳು. ಹಳೇ ರಿಜಿಸ್ಟರುಗಳಿಂದ ನಾನು ಮಾಡಿದ ಹದಿನಾಲ್ಕು ಕೆಲಸ ಹೆಕ್ಕಿ ಬರೆದಿದ್ದಳು, ತಾರೀಖು ಸಮೇತ. ಓದುತ್ತಾ ಹೋದರೆ, ಪರವಾಗಿಲ್ವಲ್ಲ ಈ ಮನುಷ್ಯ ಅಂತ ನನಗೇ ನನ್ನ ಮೇಲೆ ಮರ್ಯಾದೆ ಬಂತು. ಹಿರಿಯ ಫಿಟ್ಟರ್ ಆದೆ.

ಹೀಗೆ ಎಷ್ಟು ಜನ. ಗಾಜು ತೊಳೆಯುತ್ತಿದ್ದವರು, ಡ್ರೈವರ್, ಬೆರಳಚ್ಚು ಮಾಡುತ್ತಿದ್ದ ಹುಡುಗಿ. ಸಂಶೋಧಕರು ಕೂಡ ಮುಂದಿನ ಹುದ್ದೆಗೆ ಅರ್ಜಿ ಬರೆಯುವಾಗ ಕಿಟಕಿಗೆ ಬಂದು, "ಅಕ್ಕ, ಮೂರು ವರ್ಷದ ಹಿಂದೆ ನಾನು ಏನು ಮಾಡ್ತಿದ್ದೆ?" ಅಂತ ಕೇಳೋರು. ಪಿಎಚ್‌ಡಿ ಮಾಡಿದವರು, ತಾವೇನು ಮಾಡಿದೆವು ಅಂತ ಹತ್ತನೇ ಕ್ಲಾಸಿನ ಹೆಂಗಸಿನ ಹತ್ತಿರ ಕೇಳ್ತಾರೆ ನೋಡಿ!

ಹೀಗಿರುವಾಗ ಹೋದ ವರ್ಷ ಒಂದೇ ವಾರದಲ್ಲಿ ನೋಟೀಸ್ ಬೋರ್ಡಿಗೆ ಎರಡು ಕಾಗದ ಬಿದ್ದವು.

ಮೊದಲನೆಯದು: ತಿಂಗಳ ಕೊನೆಗೆ ಎಲ್ಲ ವಿಭಾಗಗಳ ಸ್ಟೋರ್ ಬಂದ್. ಸಾಮಾನೆಲ್ಲ ಕೇಂದ್ರ ಗೋಡೌನಿಗೆ, ಕಂಪ್ಯೂಟರಿನಲ್ಲಿ ಕೇಳಿದರೆ ಗಾಡಿಯಲ್ಲಿ ಬರುತ್ತೆ. ಸ್ಟೋರಿನವರೂ ಗೋಡೌನಿಗೆ ವರ್ಗ. ಆ ಗೋಡೌನ್ ಆಡಳಿತ ಕಟ್ಟಡದ ನೆಲಮಾಳಿಗೆ. ಅಲ್ಲಿ ಪೆಟ್ಟಿಗೆಗಳು ಬರುತ್ತವೆ, ಪೆಟ್ಟಿಗೆಗಳು ಹೋಗುತ್ತವೆ, ಮನುಷ್ಯರು ಬರಲ್ಲ.

ಎರಡನೆಯದು: ನಮ್ಮ ವಿಭಾಗಕ್ಕೆ ಒಂದು ಹೊಸ ಹುದ್ದೆ. ಸಿಬ್ಬಂದಿ ಬೆಳವಣಿಗೆಯ ಸಂಯೋಜಕರು. ಯಾರನ್ನು ಯಾವ ತರಬೇತಿಗೆ ಕಳಿಸಬೇಕು ನೋಡೋದು, ದರ್ಜೆ ಏರಿಕೆಯ ಸಂದರ್ಶನಕ್ಕೆ ತಯಾರು ಮಾಡೋದು, ಪ್ರತಿಯೊಬ್ಬರ ಜೊತೆ ವರ್ಷಕ್ಕೆ ಎರಡು ಸಲ ಕೂತು ಮಾತಾಡೋದು. ಅರ್ಹತೆ ಪದವಿ. ಇಲ್ಲವೇ, "ಹತ್ತು ವರ್ಷದ ಸಮಾನ ಅನುಭವ, ಆಧಾರ ಸಹಿತ". ಹತ್ತು ದಿನ ಟೈಮು.

ನಾನೂ ಜರಡಿ ತಂಗಿಯೂ ಎರಡೂ ಕಾಗದ ಓದಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸೀದಾ ಕಿಟಕಿಗೆ ಹೋದೆವು.

"ಅಕ್ಕ, ಅರ್ಜಿ ಹಾಕು."

"ಯಾಕೆ?"

"ಯಾಕೆ ಏನು ಯಾಕೆ! ಇಪ್ಪತ್ತು ವರ್ಷದಿಂದ ನೀನು ಮಾಡ್ತಿರೋ ಕೆಲಸಕ್ಕೆ ಈಗ ಹೆಸರಿಟ್ಟಿದಾರೆ!"

"ಸಾಮಾನು ಕೊಡೋದು ನನ್ನ ಕೆಲಸ. ಆಧಾರ ಕೇಳಿದಾರೆ, ನನ್ನ ಹತ್ರ ಏನಿದೆ ತೋರಿಸೋಕೆ? ಸಹಿ ಹಾಕಿ ಕೊಟ್ಟೋರು ಯಾರು?" ಅಂತ ಅಡಿಪಟ್ಟಿ ತೆಗೆದು ಗೆರೆ ಎಳೆಯೋಕೆ ಕೂತಳು. ಗೆರೆ ಸೊಟ್ಟಗಾಯಿತು. ಅವಳ ಗೆರೆ ಸೊಟ್ಟಗಾಗಿದ್ದನ್ನ ನಾನು ಅವತ್ತೇ ನೋಡಿದ್ದು. ರಬ್ಬರಿನಲ್ಲಿ ಉಜ್ಜುತ್ತಾ, ತಲೆ ಎತ್ತದೆ ಹೇಳಿದಳು: "ಆ ನೆಲಮಾಳಿಗೆ ನೋಡ್ಕೊಂಡು ಬಂದೆ. ಟ್ಯೂಬ್‌ಲೈಟ್ ಗುಂಯ್ ಅನ್ನುತ್ತೆ. ಇನ್ನೂ ಆರು ವರ್ಷ ಇದೆ ನನಗೆ."

ನನಗೆ ತಡೆಯೋಕಾಗಲಿಲ್ಲ. ಆಫೀಸಿಗೆ ನುಗ್ಗಿ ಸೂಪರಿಂಟೆಂಡೆಂಟ್ ಮೇಜಿನ ಮೇಲೆ ಕೈ ಬಡಿದೆ. ಅಕ್ಕನನ್ನ ಕೆಳಗೆ ಹೂತು ಹೊರಗಿನವರನ್ನ ತಂದು ಕೂರಿಸ್ತೀರಾ, ಈ ಕಟ್ಟಡದಲ್ಲಿ ಯಾರಿಗಾದ್ರೂ ಮಾನ ಇದೆಯಾ ಅಂತ ಬಾಯಿಗೆ ಬಂದದ್ದೆಲ್ಲ ಕೂಗಿದೆ. ಮೇಜಿನ ಮೇಲಿದ್ದ ಚಹಾ ಚೆಲ್ಲಿತು. ಆ ಮನುಷ್ಯ ಚಹಾ ಒರೆಸಿಕೊಂಡು, "ಮುಗೀತಾ? ಅರ್ಜಿ ತನ್ನಿ, ಆಧಾರ ತನ್ನಿ. ಕೂಗಾಟ ಲಗತ್ತಿಸೋಕೆ ಫಾರ್ಮಿನಲ್ಲಿ ಜಾಗ ಇಲ್ಲ" ಅಂದರು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಹೊಲಿಗೆ ಯಂತ್ರ ನಿಲ್ಲಿಸದೇ ಕೇಳಿಸಿಕೊಂಡಳು. ಹಲ್ಲಲ್ಲಿ ದಾರ ಕಡಿದು, "ಅವರು ಕೇಳಿದ್ದು ಆಧಾರ. ನೀವು ಕೊಟ್ಟಿದ್ದು ಕೋಪ. ಅಂಗಿ ಕೇಳಿದೋರಿಗೆ ಲಂಗ ಹೊಲಿದು ಕೊಟ್ರೆ ನನ್ನ ಅಂಗಡಿ ನಡೆಯುತ್ತಾ?" ಅಂದಳು. ಆಮೇಲೆ, "ನಿಮ್ಮದು ಹದಿನಾಲ್ಕು ಸಿಕ್ಕಿತ್ತಲ್ಲ, ಅದೇ ಪುಸ್ತಕದಲ್ಲಿ ಅವಳದ್ದೂ ಇರಬೇಕು, ಹುಡುಕಿ" ಅಂದಳು.

ಹೌದಲ್ಲ! ಮಾರನೇ ದಿನದಿಂದ ಮಧ್ಯಾಹ್ನ ಊಟದ ಹೊತ್ತಲ್ಲಿ ನಾನೂ ಜರಡಿ ತಂಗಿಯೂ ಸ್ಟೋರಿನ ಹಿಂದಿನ ಕಪಾಟಿನ ಮುಂದೆ ಕೂತೆವು. ಒಟ್ಟು ಮೂವತ್ತೊಂದು ರಿಜಿಸ್ಟರು. ಎರಡನೇ ಕಾಲಂನಲ್ಲಿ ಬೆರಳಿಟ್ಟು ಅಕ್ಕನ ಹೆಸರು ಹುಡುಕುತ್ತಾ ಹೋದೆವು. ಒಂದು ದಿನ, ಎರಡು ದಿನ, ಮೂರು ದಿನ. ಬೆರಳಲ್ಲಿ ಧೂಳು, ಡಬ್ಬಿಯಲ್ಲಿ ತಣ್ಣಗಾದ ಅನ್ನ. ನನ್ನ ಹೆಸರು ಸಾವಿರ ಕಡೆ ಸಿಕ್ಕಿತು. ಕೆಲಸ ಬಿಟ್ಟುಹೋದವರ ಹೆಸರು ಸಿಕ್ಕಿತು. ಸತ್ತುಹೋದವರ ಹೆಸರೂ ಸಿಕ್ಕಿತು. ಅಕ್ಕನ ಹೆಸರು ಮಾತ್ರ ಇಲ್ಲ. ಇರೋದಾದರೂ ಹೇಗೆ? ಸಾಮಾನು ಕೊಡುವವಳು ಅವಳು. ಅವಳು ಯಾರ ಹತ್ತಿರ ಏನು ಕೇಳಿದ್ದಳು?

"ಇಷ್ಟು ಜನರದ್ದು ಬರೆದಿಟ್ಟು ತನ್ನದೊಂದು ಸಾಲು ಬರ್ಕೊಂಡಿಲ್ವಲ್ಲ ಈ ಹೆಂಗಸು!" ಅಂತ ರಿಜಿಸ್ಟರನ್ನ ನೆಲಕ್ಕೆ ಕುಕ್ಕಿದೆ.

"ಪುಸ್ತಕ ಕುಕ್ಕಬೇಡ" ಅಂತ ಮುಂದಿನ ಕೋಣೆಯಿಂದ ಅಕ್ಕನ ದನಿ ಬಂತು.

ನಾಲ್ಕನೇ ದಿನ ಉಳಿದಿದ್ದು ಎಲ್ಲಕ್ಕಿಂತ ಹಳೇದು, ಬೆನ್ನು ಕಿತ್ತುಹೋದ ಮೊದಲನೇ ರಿಜಿಸ್ಟರು. ಜರಡಿ ತಂಗಿ ಪುಟ ತಿರುವುತ್ತಾ ಇದ್ದವಳು ಕೈ ನಿಲ್ಲಿಸಿದಳು. "ಅಣ್ಣ, ಇಲ್ಲಿ ನೋಡು."

ಹೆಸರಿನ ಕಾಲಂನಲ್ಲಿ ಅಕ್ಕನ ಹೆಸರು. ಸಾಮಾನು: ಕೆಂಪು ಪೆನ್ನು. ಎಷ್ಟು: ಒಂದು. ಪಕ್ಕದಲ್ಲಿ ಅವಳದ್ದೇ ಸಹಿ. ಯಾಕೆ: "ಕೊಟ್ಟ ಮೇಲೆ ಏನಾಯಿತು ಅಂತ ಕೇಳಿ ಬರೆಯಲು."

ಅಷ್ಟೇ. ಆಮೇಲಿನ ಪೆನ್ನೆಲ್ಲ ಅವಳೇ ಕೊಂಡು ತಂದಿದ್ದು ಅಂತ ಕಾಣುತ್ತೆ.

ನಾನು ಆ ಪುಟ ನೋಡಿದೆ. ಮುಂದಿನ ಪುಟ ತಿರುವಿದೆ. ಅದರ ಮುಂದಿನದ್ದು. ಎಲ್ಲ ಕಡೆ ಕೆಂಪು. ಮೂರು ದಿನದಿಂದ ಎರಡನೇ ಕಾಲಂನಲ್ಲಿ ಬೆರಳಿಟ್ಟುಕೊಂಡು ಕೂತಿದ್ದ ನಮಗೆ ಆರನೇ ಕಾಲಂ ಕಂಡೇ ಇರಲಿಲ್ಲ. ಮೂವತ್ತೊಂದು ಪುಸ್ತಕದಲ್ಲಿ ಕೆಂಪಗಿರೋದೆಲ್ಲ ಅವಳದ್ದೇ. ಪ್ರತಿ ಕೆಂಪು ಸಾಲಿಗೂ ಅವಳು ಕಿಟಕಿ ಬಿಟ್ಟು ಎದ್ದು, ನಡೆದು, ಒಬ್ಬೊಬ್ಬರ ಬಾಗಿಲಿಗೆ ಹೋಗಿ ಏನಾಯ್ತು ಅಂತ ಕೇಳಿದ್ದಾಳೆ.

"ನಾವು ಕತ್ತೆಗಳು" ಅಂದೆ.

"ನೀನು ಕತ್ತೆ. ನಾನು ಮೇಲ್ವಿಚಾರಕಿ" ಅಂದಳು ಜರಡಿ ತಂಗಿ, ಕಣ್ಣೊರೆಸಿಕೊಂಡು.

ಆಮೇಲೆ ನೋಡಬೇಕಿತ್ತು. ಮಣ್ಣಿನ ಡಬ್ಬಿಗೆ ಕಟ್ಟುವ ಹಳದಿ ಚೀಟಿ ಇರುತ್ತಲ್ಲ, ಜರಡಿ ತಂಗಿ ಅದರ ಕಂತೆ ಹಿಡಿದು ಮಹಡಿ ಮಹಡಿ ತಿರುಗಿದಳು. ಯಾರ್ಯಾರ ಬದುಕಿನಲ್ಲಿ ಆ ಕೆಂಪು ಸಾಲಿನಿಂದ ಏನಾದರೂ ಒಂದು ಮುಂದಕ್ಕೆ ಹೋಗಿದೆಯೋ ಅವರು ಬಂದು ತಮ್ಮ ಪುಟಕ್ಕೆ ಚೀಟಿ ಸಿಕ್ಕಿಸಿ, ಅದರ ಮೇಲೆ ಆಗೇನಿದ್ದೆ, ಈಗೇನಾಗಿದೀನಿ ಅಂತ ಎರಡು ಮಾತು ಬರೆಯಬೇಕು. ಇಪ್ಪತ್ತಾರು ಜನ ಬಂದರು. ಅಕ್ಕ ಮುಂದಿನ ಕೋಣೆಯಲ್ಲಿ ಕೂತು, "ಏನದು ಸಂತೆ? ಒದ್ದೆ ಕೈಯಲ್ಲಿ ಮುಟ್ಟಬೇಡಿ" ಅಂತ ಗದರುತ್ತಿದ್ದಳೇ ಹೊರತು ಎದ್ದು ಬಂದು ನೋಡಲಿಲ್ಲ. ಅರ್ಜಿಗೆ ಸಹಿ ಮಾತ್ರ ಹಾಕಿದಳು, ಅದೂ ಭಾವ ಅಂಗಡಿಗೆ ಅರ್ಧ ದಿನ ರಜ ಹಾಕಿ ಬಂದು, "ಸಹಿ ಹಾಕೋವರೆಗೂ ನಾನು ಈ ಕಿಟಕಿ ಬಿಟ್ಟು ಹೋಗಲ್ಲ, ಯಾಕೆ ಅಂತ ಕೇಳ್ಬೇಡ" ಅಂತ ನಿಂತ ಮೇಲೆ.

ಸಂದರ್ಶನದ ದಿನ ಬೆಳಿಗ್ಗೆ ಮಾದರಿ ಸಾಗಿಸುವ ತಳ್ಳುಗಾಡಿ ತಂದೆ. ಮೂವತ್ತೊಂದು ರಿಜಿಸ್ಟರು ಏರಿಸಿ ಹೊರಟೆ. ಕಿಟಕಿಯಿಂದ ದನಿ.

"ಎಲ್ಲಿಗೆ?"

"ಮೀಟಿಂಗ್ ರೂಮಿಗೆ."

"ಸ್ಟೋರಿನ ವಸ್ತು ಹೊರಗೆ ಹೋಗಬೇಕಾದ್ರೆ ಬರೆದು ಹೋಗು." ಮೂವತ್ತೆರಡನೇ ರಿಜಿಸ್ಟರು ನನ್ನ ಕಡೆ ತಿರುಗಿಸಿದಳು. ತಾರೀಖು, ಹೆಸರು, ಸಾಮಾನು, ಎಷ್ಟು, ಎಲ್ಲ ಅವಳೇ ಬರೆದಿದ್ದಳು. ಆರನೇ ಕಾಲಂ ಖಾಲಿ.

"ಅಕ್ಕ, ನಿನಗೋಸ್ಕರಾನೇ ಒಯ್ತಿರೋದು!"

"ಅದನ್ನೇ ಬರಿ."

ಬೈಯೋಣ ಅಂತ ಬಾಯಿ ತೆಗೆದೆ. ಹಿಂದೆ ಆರೇಳು ಜನ ಸಾಲಾಗಿ ನಿಂತು ನೋಡುತ್ತಿದ್ದರು. ಪೆನ್ನು ತೆಗೆದುಕೊಂಡೆ. ನನಗೆ ಬರೆಯೋದು ಅಂದರೆ ತುಕ್ಕು ಹಿಡಿದ ನಟ್ಟು ಬಿಚ್ಚಿದ ಹಾಗೆ, ನಿಧಾನ. ಬರೆದೆ: "ಇವನ್ನು ಬರೆದವಳು ನೆಲಮಾಳಿಗೆಗೆ ಹೋಗಬಾರದು ಅಂತ."

ಅವಳು ಓದಿದಳು. ಬಹಳ ಹೊತ್ತು ಓದಿದಳು, ಅಷ್ಟು ಉದ್ದದ ಸಾಲೇನಲ್ಲ ಅದು. ಆಮೇಲೆ, "ಸಂಜೆ ಐದಕ್ಕೆ ವಾಪಸ್ ಬರಬೇಕು" ಅಂತ ಸೆರಗು ಸರಿಮಾಡಿಕೊಂಡು ಗಾಡಿಯ ಹಿಂದೆ ನಡೆದಳು.

ಒಳಗೆ ಮೂರು ಜನ ಇದ್ದರು. ದೊಡ್ಡ ಮೇಷ್ಟ್ರು, ನಾನು ಮೇಜು ಬಡಿದು ಚಹಾ ಚೆಲ್ಲಿಸಿದ್ದ ಸೂಪರಿಂಟೆಂಡೆಂಟ್, ಹೊರಗಿನಿಂದ ಬಂದ ಒಬ್ಬರು ಮೇಡಂ. ಪುಸ್ತಕ ಎತ್ತಿಕೊಡೋಕೆ ನಾನು ಇರಲಿ ಅಂದರು ದೊಡ್ಡ ಮೇಷ್ಟ್ರು, ಬಾಯಿ ಮುಚ್ಚಿಕೊಂಡು ಇರಲಿ ಅಂತಲೂ ಸೇರಿಸಿದರು.

ಮೇಡಂ ಹಳದಿ ಚೀಟಿ ಇದ್ದ ಪುಟಗಳನ್ನು ಒಂದೊಂದಾಗಿ ತೆಗೆಸಿ ಓದಿದರು. ಜರಡಿಯದ್ದು ಓದಿದರು. ಡ್ರೈವರಿನದ್ದು ಓದಿದರು. ಒಂದು ಕಡೆ ನಿಂತು, "ಉಪ್ಪು ಹಚ್ಚಿಕೊಂಡು ತಿನ್ನಲು... ಇದೇನಿದು?" ಅಂದರು.

ನನ್ನ ಕಿವಿ ಬಿಸಿಯಾಯಿತು. "ಅದು ಈ ಮನುಷ್ಯನದ್ದು ಮೇಡಂ" ಅಂದಳು ಅಕ್ಕ, "ಕೆಳಗೆ ಕೆಂಪಲ್ಲಿರೋದು ಓದಿ." ಅವರು ಓದಿ ಜೋರಾಗಿ ನಕ್ಕರು. ಸೂಪರಿಂಟೆಂಡೆಂಟ್ ಕೂಡ ಮೀಸೆಯೊಳಗೇ ನಕ್ಕದ್ದು ನಾನು ನೋಡಿದೆ.

ಆಮೇಲೆ ಅದೇ ಸೂಪರಿಂಟೆಂಡೆಂಟ್ ಗಂಟಲು ಸರಿಮಾಡಿಕೊಂಡು, "ಆದರೆ ಇದನ್ನ ಮಾಡಿ ಅಂತ ಇವರಿಗೆ ಯಾರೂ ಆದೇಶ ಕೊಟ್ಟಿಲ್ಲ. ಆದೇಶ ಇಲ್ಲದ ಕೆಲಸವನ್ನ ಅನುಭವ ಅಂತ ಹೇಗೆ ಹಿಡಿಯೋದು?" ಅಂದರು.

"ಆದೇಶ ಇದ್ದೋರೆಲ್ಲ ಏನು ಕಿಸಿದ್ರು?" ಅಂತ ನನ್ನ ಬಾಯಿಂದ ಹೊರಬಿದ್ದೇಬಿಟ್ಟಿತು.

"ಮಾರಾಯ, ನೀನು ಗಾಡಿ ಹತ್ರ ನಿಲ್ಲು" ಅಂದಳು ಅಕ್ಕ. ಆಮೇಲೆ ಅವರ ಕಡೆ ತಿರುಗಿ, "ಹೌದು ಸಾರ್, ಯಾರೂ ಹೇಳಲಿಲ್ಲ. ಹನ್ನೆರಡು ಥರ್ಮಾಮೀಟರ್ ಮಣ್ಣಲ್ಲಿ ಹೋಯ್ತು, ಒಬ್ಬ ಹುಡುಗೀದು ಒಂದೂವರೆ ವರ್ಷ ಹೋಯ್ತು. ಮೊದಲನೇ ಪುಸ್ತಕದಲ್ಲಿದೆ. ಆದೇಶ ಬರಲಿ ಅಂತ ಕಾದಿದ್ರೆ ಇನ್ನೊಬ್ಬಳದ್ದೂ ಹೋಗ್ತಿತ್ತು" ಅಂದಳು.

ದೊಡ್ಡ ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಆಗ ಮೇಡಂ ಮುಂದಕ್ಕೆ ಬಾಗಿ ಕೇಳಿದರು: "ಕೊನೇ ಪ್ರಶ್ನೆ. ಈ ಹುದ್ದೆ ನಿಮಗೆ ಯಾಕೆ ಬೇಕು?"

ಇಪ್ಪತ್ತು ವರ್ಷಕ್ಕೂ ಮೇಲೆ ಎಲ್ಲರನ್ನೂ ಯಾಕೆ ಅಂತ ಕೇಳಿದವಳನ್ನ ಯಾರೋ ತಿರುಗಿ ಕೇಳಿದ್ದರು. ಅಕ್ಕ ಮುಂದಿದ್ದ ರಿಜಿಸ್ಟರಿನ ಅಂಚನ್ನ ಬೆರಳಲ್ಲಿ ಸರಿಮಾಡುತ್ತಾ ಕೂತಳು. ಏನಾದರೂ ಹೇಳು ತಾಯಿ, ಏನಾದರೂ ಹೇಳು ಅಂತ ಗಾಡಿಯ ಹಿಡಿಯನ್ನ ಹಿಂಡಿದೆ.

"ಗೋಡೌನಿನಲ್ಲಿ ಕಿಟಕಿ ಇಲ್ಲ ಮೇಡಂ" ಅಂದಳು ಕೊನೆಗೆ.

"ಗಾಳಿ ಬೆಳಕಿಗಾ?"

"ಅಲ್ಲ. ಕಿಟಕಿ ಇಲ್ಲ ಅಂದ್ರೆ ಯಾರೂ ಬರಲ್ಲ. ಯಾರೂ ಬರದೆ ಇದ್ರೆ ಯಾರನ್ನ ಕೇಳ್ಲಿ? ನಾನು ಕೇಳೋದು ಬಿಟ್ರೆ ಇಲ್ಲಿರೋರಿಗೆ ತಾವೇನು ಮಾಡಿದ್ವಿ ಅಂತಾನೇ ಗೊತ್ತಿರಲ್ಲ. ಈ ಮನುಷ್ಯನನ್ನೇ ನೋಡಿ."

ಎಲ್ಲರೂ ನನ್ನನ್ನ ನೋಡಿದರು. ಹಾಳಾಗಿಹೋಗಲಿ, ನೋಡಲಿ.

ಹನ್ನೊಂದು ದಿನ ಆದ ಮೇಲೆ ನೋಟೀಸ್ ಬೋರ್ಡಿಗೆ ಕಾಗದ ಬಂತು. ಅಕ್ಕನ ಹೆಸರು, ಹೊಸ ಹುದ್ದೆ, ಒಂದು ವರ್ಷ ಪರೀಕ್ಷಾ ಅವಧಿ. ಜರಡಿ ತಂಗಿ ಕಾರಿಡಾರಿನಲ್ಲಿ ಕಿರುಚಿದ್ದು ಹಿತ್ತಲ ಮಡಿಯವರೆಗೂ ಕೇಳಿಸಿತಂತೆ. ಸ್ಟೋರಿನ ಸಾಮಾನು ಗಾಡಿಯಲ್ಲಿ ಹೋಯಿತು, ಖಾಲಿ ಕೋಣೆಯನ್ನೇ ಅಕ್ಕನಿಗೆ ಕೊಟ್ಟರು. ಕಿಟಕಿ ಮುಚ್ಚಿ ಗೋಡೆ ಎತ್ತಿ, ಒಂದು ಬಾಗಿಲು ಇಡಿ ಅಂತ ಆಫೀಸಿಂದ ನನಗೆ ಚೀಟಿ ಬಂತು. ಆ ಚೀಟಿ ಎಲ್ಲಿ ಹೋಯಿತೋ ನನಗೆ ಗೊತ್ತಿಲ್ಲ. ಕಿಟಕಿ ಹಾಗೇ ಇದೆ. ಹೊರಗಡೆ ಎರಡು ಕುರ್ಚಿ ಹಾಕಿದೀನಿ, ಕಾಲು ಅಲ್ಲಾಡದ ಹಾಗೆ ಬಿಗಿ ಮಾಡಿ.

ಮೊದಲನೇ ಸೋಮವಾರ ನಾನು ಆ ಕಿಟಕಿಗೆ ಹೋದೆ. ಮೂವತ್ತೆರಡನೇ ರಿಜಿಸ್ಟರು ಇನ್ನೂ ಅವಳ ಮೇಜಿನ ಮೇಲೇ ಇತ್ತು.

"ಅಕ್ಕ, ಆ ಕೆಂಪು ಪೆನ್ನು ಕೊಡು."

"ಯಾಕೆ?"

ಇಷ್ಟು ವರ್ಷದಲ್ಲಿ ಮೊದಲ ಸಲ ನನಗೆ ಸಿಟ್ಟು ಬರಲಿಲ್ಲ. "ಏನಾಯ್ತು ಅಂತ ಬರೆಯೋಕೆ" ಅಂದೆ.

ಪೆನ್ನು ಕೊಟ್ಟಳು. ಪುಸ್ತಕ ತಿರುಗಿಸಿಕೊಂಡು, ಸಂದರ್ಶನದ ದಿನ ನಾನು ಬರೆದ ಸಾಲು ಹುಡುಕಿದೆ. ಇವನ್ನು ಬರೆದವಳು ನೆಲಮಾಳಿಗೆಗೆ ಹೋಗಬಾರದು ಅಂತ. ಅದರ ಕೆಳಗೆ ಕೆಂಪು ಶಾಯಿಯಲ್ಲಿ, ನಿಧಾನವಾಗಿ ಬರೆದೆ.

"ಹೋಗಲಿಲ್ಲ."

"ಸಹಿ ಹಾಕು" ಅಂದಳು ಯಾಕಮ್ಮ. "ಹಾಕಿ ಆ ಕುರ್ಚೀಲಿ ಕೂತ್ಕೋ. ಹಿರಿಯ ಫಿಟ್ಟರ್ ಆಗಿ ಎಷ್ಟು ವರ್ಷ ಆಯ್ತು ನಿನಗೆ? ಮುಂದಕ್ಕೆ ಏನು ಮಾಡ್ಬೇಕು ಅಂತಿದೀಯ?"